ದುರ್ಯೋಧನ ಯಾರು ಚೆನ್ನಾಗಿ ಮಾಡಿದ್ರು?

ಬ್ಯಾಟ್‌ಮ್ಯಾನ್ ವೈರಿ ಜೋಕರ್ ಅಂದ್ರೆ ಹೀತ್ ಲೆಡ್ಜರಾ, ವಾಕೀನ್ ಫೀನಿಕ್ಸಾ?
ಈ ಜಗಳ ಹುಡುಗಾಟ ಅನ್ಸುತ್ತಾ?
ಹಾಗಾದ್ರೆ ನಾಗಮಂಗಲ, ಕೆ.ಆರ್. ಪೇಟೆ ಕಡೆ 'ಕುರುಕ್ಷೇತ್ರ' ನಾಟಕ ಮುಗಿದ ಬೆಳಗ್ಗೆ ಟೀ ಅಂಗಡಿ ಮುಂದೆ ನಿಂತ್ಕೊಳ್ಳಿ. ಅಲ್ಲೂ ಇದೇ ಜಗಳ. ಹಲವು ಊರಲ್ಲಿ ಒಂದೇ ರಾತ್ರಿ ಒಂದೇ ಪಾತ್ರಕ್ಕೆ ಇಬ್ಬರು, ಮೂವರು ಬಣ್ಣ ಹಚ್ತಾರೆ. ಹೋಲಿಸ್ದೆ ಇರೋದು ಹೇಗೆ?

ಕತೆ ಎಲ್ಲರಿಗೂ ಗೊತ್ತು.
ಪಾಂಡವಪುರದ ಕುಂತಿ ಬೆಟ್ಟಕ್ಕೆ ಪಾಂಡವರು ಬಂದಿದ್ರು ಅಂತಾರೆ. ಹೊಸಹೊಳಲಿನ ಹೊಯ್ಸಳ ದೇವಸ್ಥಾನದ ಗೋಡೆಯಲ್ಲೇ ಮಹಾಭಾರತ ಇದೆ. ಭೀಮ ದುರ್ಯೋಧನನ ತೊಡೆ ಮುರೀತಾನೆ ಅನ್ನೋದು ಯಾರಿಗೂ ಸಸ್ಪೆನ್ಸ್ ಅಲ್ಲ. ಹಾಗಾಗಿ ನೋಡೋಕೆ ಉಳಿಯೋದು ನಟ.
ರಾಗಿ ಹಿಟ್ಟು ಒಂದೇ, ಮುದ್ದೆ ಕೈಗೊಂದು ಥರ.
ಅದೇ ಜೋಕರ್ ಪಾತ್ರಕ್ಕೆ 2009ರಲ್ಲಿ ಲೆಡ್ಜರ್‌ಗೆ ಆಸ್ಕರ್, 2020ರಲ್ಲಿ ಫೀನಿಕ್ಸ್‌ಗೂ ಆಸ್ಕರ್.

"ಸೂಪರ್‌ಹೀರೋ ಸಿನಿಮಾ ಪೂರ್ತಿ ಗ್ರಾಫಿಕ್ಸು, ನಟನೆ ಎಲ್ಲಿದೆ?" ಅಂತೀರಾ.
ಬ್ಯಾಟ್‌ಮ್ಯಾನ್ ಮುಖವಾಡ ನೋಡಿ. ಹೊರಗೆ ಕಾಣೋದು ಬಾಯಿ, ಗದ್ದ, ಒಂಚೂರು ಕಣ್ಣು. ಮಿಕ್ಕಿದ್ದನ್ನ ದನಿಯೇ ಮಾಡ್ಬೇಕು. ಕಿರೀಟ, ಭುಜಕೀರ್ತಿ ಹೊತ್ತು ಹಾರ್ಮೋನಿಯಂ ಜೊತೆ ಹಾಡೋ ದುರ್ಯೋಧನನಿಗೂ ಅದೇ ಪರೀಕ್ಷೆ. ಶ್ರುತಿ ತಪ್ಪಿದ್ರೆ ಗದೆ ಕಾಪಾಡಲ್ಲ!

ಅಭಿಮಾನ ಕುರುಡು ಅಂತೀರಾ? ಅರ್ಧ ಒಪ್ತೀನಿ. ತಮ್ಮ ಸ್ಟಾರ್ ಅಂದ್ರೆ ಎಲ್ಲವೂ ಮಾಫಿ.
ಆದ್ರೆ 2019ರ 'ಕುರುಕ್ಷೇತ್ರ' ಸಿನಿಮಾ ನೆನಪಿಸ್ಕೊಳ್ಳಿ. ಮಂಡ್ಯದ ಅಂಬರೀಶ್ ಭೀಷ್ಮ. ದರ್ಶನ್ ಮಾಡಿದ್ದು ಅರ್ಜುನನನ್ನಲ್ಲ, ಭೀಮನನ್ನಲ್ಲ. ಸೋಲೋ ದುರ್ಯೋಧನನನ್ನ. ಗೆಲುವಷ್ಟೇ ಬೇಕಿದ್ದ ಅಭಿಮಾನಿಗೆ ಆ ಪಾತ್ರ ರುಚಿಸ್ತಿರಲಿಲ್ಲ.
ದುರ್ಯೋಧನ ಛಲದ ಮಾತು ಹೇಗೆ ನುಡಿದ, ಹೇಗೆ ಬಿದ್ದ ಅಂತ ಅಳೆಯೋ ಪ್ರೇಕ್ಷಕರನ್ನ ಹಳ್ಳಿ ರಂಗಸ್ಥಳ ಮೊದಲೇ ತಯಾರು ಮಾಡಿತ್ತು.