ಗಿಟಾರ್ ತಂತಿ: ಬ್ರ್ಯಾಂಡ್ ಆಮೇಲೆ, ಮೊದಲು ದಪ್ಪ ನೋಡಿ

ನಾಲ್ಕು ಹೋರಾಟದ ಹಾಡು ನುಡಿಸಬೇಕು ಅಂತ ಅಕೌಸ್ಟಿಕ್ ಗಿಟಾರ್ ಕೊಂಡವರು ಎರಡು ತಿಂಗಳಲ್ಲಿ ಅದನ್ನು ಮೂಲೆಗಿಟ್ಟರೆ, ಅದಕ್ಕೆ ಸೋಮಾರಿತನವೇ ಕಾರಣ ಅನ್ನೋದನ್ನ ನಾನು ಒಪ್ಪಲ್ಲ. ಬೆರಳು ನೋಯುತ್ತೆ ಅಂದ್ರೆ 'ಸಾಧನೆ ಮಾಡಿ, ಸರಿಹೋಗುತ್ತೆ' ಅನ್ನುವ ಉಪದೇಶ ಸಿಗುತ್ತೆ. ತಂತಿ ಎಷ್ಟು ದಪ್ಪ ಇದೆ ಅಂತ ಯಾರೂ ಕೇಳಲ್ಲ.

ಪ್ಯಾಕೆಟ್ ಮೇಲೆ 10, 11, 12, 13 ಅಂತ ಇರುತ್ತಲ್ಲ, ಅದು ಅತಿ ತೆಳುವಾದ ಮೊದಲ ತಂತಿಯ ವ್ಯಾಸ, ಇಂಚಿನ ಸಾವಿರದ ಭಾಗಗಳಲ್ಲಿ. ಇಂಜಿನಿಯರಿಂಗ್ ಓದಿದ್ದು ನನಗೆ ಉಪಯೋಗಕ್ಕೆ ಬಂದ ಅಪರೂಪದ ಜಾಗ ಇದು: ಉದ್ದ, ಶ್ರುತಿ ಎರಡೂ ಅಷ್ಟೇ ಇದ್ದರೆ ಈ ತಂತಿಯ ಬಿಗಿತ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 12ರಿಂದ 10ಕ್ಕೆ ಇಳಿದರೆ ವ್ಯಾಸ ಕಡಿಮೆಯಾಗುವುದು ಸುಮಾರು ಶೇ. 17, ಬಿಗಿತ ಮಾತ್ರ ಶೇ. 30. 12ರ ಸೆಟ್‌ನಲ್ಲಿ ಆರೂ ತಂತಿ ಸೇರಿ 70 ಕೆಜಿಗೂ ಹೆಚ್ಚು ಎಳೆತ. ಒಬ್ಬ ವಯಸ್ಕ ಬ್ರಿಜ್‌ಗೆ ಜೋತುಬಿದ್ದ ಹಾಗೆ!

ಹಾಗಂತ ಎಲ್ಲರಿಗೂ 10 ಅಲ್ಲ. ತೆಳು ತಂತಿಯ ದನಿ ಸಣ್ಣದು, ಪಿಕ್‌ನಲ್ಲಿ ಜೋರಾಗಿ ಬಾರಿಸಿದರೆ ಫ್ರೆಟ್‌ಗೆ ತಾಗಿ ಗರಗರ ಅನ್ನುತ್ತೆ. ಫ್ರೀಡಂ ಪಾರ್ಕ್‌ನಲ್ಲಿ ಮೈಕ್ ಇಲ್ಲದೆ ಹತ್ತಾರು ಜನರ ಹಾಡಿಗೆ ಸ್ಟ್ರಮ್ ಮಾಡೋರಿಗೆ 12 ಬೇಕು. ಕೈ ಪಳಗಿದ್ರೆ, ಗಿಟಾರ್ ತಡೆಯೋದಾದ್ರೆ 13. ರೂಮಲ್ಲಿ ಕೂತು ಬೆರಳಲ್ಲೇ ಮೀಟೋರಿಗೆ 11 ಸಾಕು, ನಾನಂತೂ ಅದನ್ನು ಬಿಟ್ಟು ಕದಲಿಲ್ಲ. ಹೊಸಬರು 10ರಿಂದ ಶುರು ಮಾಡಿ, ನಾಚಿಕೆ ಬೇಡ. ಇನ್ನೊಂದು ಉಪಾಯ ಇದೆ: 12 ಹಾಕಿ ಎಲ್ಲಾ ತಂತಿಯನ್ನೂ ಅರ್ಧ ಸ್ವರ ಇಳಿಸಿದರೆ ಬಿಗಿತ ಶೇ. 11ರಷ್ಟು ತಗ್ಗುತ್ತೆ. ಹಾಡೋರ ಗಂಟಲಿಗೂ ಆರಾಮ.

ಲೋಹದ ಚರ್ಚೆ ಆಮೇಲಿನದು. 80/20 ಬ್ರಾಂಝ್ ಅಂತ ಮಾರುವುದು ತಾಮ್ರ ಮತ್ತು ಸತುವಿನ ಮಿಶ್ರಣ, ಅಂದ್ರೆ ನಿಜಕ್ಕೂ ಹಿತ್ತಾಳೆ. ಝಣ್ಣೆನ್ನುವ ದನಿ, ಬೇಗ ಮಂಕಾಗುತ್ತೆ. ಫಾಸ್ಫರ್ ಬ್ರಾಂಝ್ ದನಿ ಸ್ವಲ್ಪ ಮೃದು, ಹೆಚ್ಚು ದಿನ ಬಾಳುತ್ತೆ. ಮಂಗಳೂರಿನ ಸೆಕೆಗೆ, ಕೈ ಬೆವರೋರಿಗೆ ಕೋಟೆಡ್ ತಂತಿ ಒಳ್ಳೇದು. ದುಬಾರಿ, ಆದರೆ ಪದೇಪದೇ ಬದಲಿಸೋದು ತಪ್ಪುತ್ತೆ.

10 ಹಾಕಿಯೂ ನೋವು ಹೋಗದಿದ್ದರೆ ತಂತಿಯನ್ನು ಬೈಯಬೇಡಿ. ಅದು ಫ್ರೆಟ್‌ಬೋರ್ಡ್‌ನಿಂದ ತುಂಬ ಎತ್ತರದಲ್ಲಿದೆಯಾ ನೋಡಿ, ರಿಪೇರಿ ಗೊತ್ತಿರೋರ ಹತ್ರ ಸೆಟಪ್ ಮಾಡಿಸಿ. ಮತ್ತೆ, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ಗೆ ಈ ಸ್ಟೀಲ್ ಸೆಟ್‌ಗಳಲ್ಲಿ ಯಾವುದನ್ನೂ ಹಾಕಬೇಡಿ. ಅಷ್ಟು ಎಳೆತಕ್ಕೆ ಬ್ರಿಜ್ಜೇ ಕಿತ್ತುಬರಬಹುದು.