ಪಡುವಣಕ್ಕೆ ಹಬ್ಬಿದ ಅಮೆರಿಕ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ಬಿಡಿಸಿ ನೋಡಿದರೆ ಒಂದು ವಿಶೇಷವು ನಮಗೆ ಒಡನೆಯೇ ಗೋಚರವಾಗುತ್ತದೆ. ಪೂರ್ವ ಸಮುದ್ರತೀರದ ಹಳೆಯ ಸಂಸ್ಥಾನಗಳ ಎಲ್ಲೆಗಳು ಹೊಳೆ ಗುಡ್ಡಗಳನ್ನನುಸರಿಸಿ ಅಂಕುಡೊಂಕಾಗಿವೆ. ಪಶ್ಚಿಮಕ್ಕೆ ಸರಿದಂತೆಲ್ಲ ಗೆರೆಗಳು ನೆಟ್ಟಗಾಗುತ್ತ ಹೋಗುತ್ತವೆ. ಅಲ್ಲಿ ಹೊಲಗಳು ಕೂಡ ಚದುರಂಗದ ಮನೆಗಳಂತೆ ಚೌಕವಾಗಿವೆ. ಈ ಗೆರೆಗಳನ್ನು ಏತಕ್ಕಾಗಿ ಎಳೆದರು, ಅವುಗಳಿಂದ ಯಾರಿಗೆ ಏನಾಯಿತು ಎಂಬುದನ್ನು ಇಲ್ಲಿ ಕೊಂಚ ವಿಚಾರಮಾಡೋಣ.

1763ರಲ್ಲಿ ಬ್ರಿಟನ್ನಿನ ಅರಸನು ಅಪಲೇಚಿಯನ್ ಪರ್ವತಶ್ರೇಣಿಯ ಆಚೆಗೆ ವಸಾಹತುಗಾರರು ನೆಲಸಕೂಡದೆಂದು ಘೋಷಿಸಿದನು. ಅರಸನ ಮೇಲೆ ಅವರಿಗುಂಟಾದ ಅಸಮಾಧಾನಕ್ಕೆ ಇದೂ ಒಂದು ಕಾರಣ. ಸ್ವಾತಂತ್ರ್ಯಯುದ್ಧವು ಮುಗಿದು 1783ರಲ್ಲಿ ಪ್ಯಾರಿಸಿನಲ್ಲಿ ಕೌಲಾದಾಗ, ಮಿಸಿಸಿಪಿ ನದಿಯವರೆಗಿನ ಪ್ರದೇಶವನ್ನು ಬ್ರಿಟನ್ನು ಹೊಸ ರಾಷ್ಟ್ರಕ್ಕೆ ಬಿಟ್ಟುಕೊಟ್ಟಿತು. ಆ ಪ್ರದೇಶದಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದ ಮೂಲನಿವಾಸಿ ಜನಾಂಗಗಳಲ್ಲಿ ಒಬ್ಬರನ್ನಾದರೂ ಆ ಕೌಲಿಗೆ ಕರೆದಿರಲಿಲ್ಲ. ಹೊಸ ಸರ್ಕಾರದ ಬೊಕ್ಕಸವೋ ಬರಿದಾಗಿತ್ತು. ತೆರಿಗೆ ಹಾಕುವ ಅಧಿಕಾರವು ಆಗಿನ ಕಾಂಗ್ರೆಸ್ಸಿಗೆ ಇರಲಿಲ್ಲ. ಯುದ್ಧದ ಸಾಲವು ತಲೆಯ ಮೇಲಿತ್ತು. ಮಾರಿ ಹಣಮಾಡಿಕೊಳ್ಳತಕ್ಕ ವಸ್ತುವೆಂದರೆ ಭೂಮಿಯೊಂದೇ.

ಆದಕಾರಣ 1785ರಲ್ಲಿ ಒಂದು ಶಾಸನವಾಯಿತು. ಒಹಾಯೋ ನದಿಯು ಪೆನ್ಸಿಲ್ವೇನಿಯದ ಪಶ್ಚಿಮದ ಎಲ್ಲೆಯನ್ನು ದಾಟುವ ಸ್ಥಳದಿಂದ ಮೋಜಣಿಯನ್ನು ಆರಂಭಿಸಿ, 66 ಅಡಿಯ ಸರಪಳಿಯಿಂದ ಅಳೆದು, ಪ್ರತಿಯೊಂದು ಪಾರ್ಶ್ವವೂ 6 ಮೈಲಿಯಿರುವ ಚೌಕಗಳನ್ನಾಗಿ ನೆಲವನ್ನು ವಿಂಗಡಿಸತಕ್ಕದ್ದೆಂದೂ, ಒಂದೊಂದು ಚೌಕವನ್ನೂ 640 ಎಕರೆಗಳ 36 ಭಾಗಗಳಾಗಿ ಮಾಡಿ, ಎಕರೆಗೆ ಒಂದು ಡಾಲರಿಗೆ ಕಡಮೆಯಿಲ್ಲದಂತೆ ಹರಾಜು ಹಾಕತಕ್ಕದ್ದೆಂದೂ ವಿಧಿಸಲಾಯಿತು. 16ನೆಯ ಭಾಗವು ಪಾಠಶಾಲೆಗೆ ಮೀಸಲು. ಇದರಲ್ಲಿ ಜಾಣತನವಿಲ್ಲವೆನ್ನಲಾಗದು. ನೆಲವನ್ನು ಕಣ್ಣಿನಿಂದ ಕಾಣದವನೂ ನಕ್ಷೆಯ ಮೇಲಿನ ಸಂಖ್ಯೆಯನ್ನು ನೋಡಿ ಅದನ್ನು ಕೊಳ್ಳಬಹುದಾಗಿತ್ತು. ಎಲ್ಲೆಯ ವ್ಯಾಜ್ಯಗಳೂ ತಗ್ಗಿದುವು. ಆದರೆ ಬಡ ಬೇಸಾಯಗಾರನು 640 ಡಾಲರುಗಳನ್ನು ಎಲ್ಲಿಂದ ತರಬೇಕು? ಮೊದಮೊದಲು ಲಾಭವಾದುದು ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವ ಬಂಡವಾಳಗಾರರಿಗೆ. 1820ರಲ್ಲಿ 80 ಎಕರೆಗಳನ್ನು 100 ಡಾಲರಿಗೆ ಕೊಳ್ಳುವಂತಾದ ಮೇಲೆ ಸಾಧಾರಣ ಸಂಸಾರಿಗೂ ಬಾಗಿಲು ತೆರೆಯಿತು. 1825ರಲ್ಲಿ ಈರೀ ಕಾಲುವೆಯು ಮುಗಿಯಲು, ಅವನು ಬೆಳೆದ ಗೋಧಿಗೆ ನ್ಯೂಯಾರ್ಕಿನ ಪೇಟೆ ಹತ್ತಿರವಾಯಿತು. ಯೂರೋಪಿನಲ್ಲಿ ಗೇಣು ನೆಲವಿಲ್ಲದಿದ್ದವನ ಮಗನು ಇಲ್ಲಿ ಸ್ವಂತ ಹೊಲದಲ್ಲಿ ನಿಂತನು. ಈ ಸುಖವನ್ನು ನಾವು ಅಲ್ಲಗಳೆಯಬಾರದು.

1787ರ ಮತ್ತೊಂದು ಶಾಸನವು ಒಹಾಯೋ ನದಿಯ ವಾಯವ್ಯ ಪ್ರದೇಶದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತು. ಮೂಲನಿವಾಸಿಗಳ ಭೂಮಿಯನ್ನು ಅವರ ಸಮ್ಮತಿಯಿಲ್ಲದೆ ತೆಗೆದುಕೊಳ್ಳಕೂಡದೆಂದೂ ಬರೆಯಿತು. ಆದರೆ ಆ ಭೂಮಿಯನ್ನು ಮಾರುವ ಏರ್ಪಾಡು ಅದಕ್ಕೆ ಎರಡು ವರ್ಷ ಮುಂಚೆಯೇ ಆಗಿತ್ತು! ಮಯಾಮಿ, ಷಾನಿ ಮುಂತಾದ ಜನಾಂಗಗಳು ಒಟ್ಟುಗೂಡಿ 1791ರಲ್ಲಿ ಸರ್ಕಾರದ ಸೈನ್ಯವನ್ನು ಸೋಲಿಸಿದುವು. ಆರುನೂರಕ್ಕಿಂತ ಹೆಚ್ಚು ಸೈನಿಕರು ಮಡಿದರು. 1794ರಲ್ಲಿ ಆ ಕೂಟವು ಸೋತು, ಮರುವರ್ಷ ಗ್ರೀನ್‌ವಿಲ್ಲಿನ ಕೌಲಿನಿಂದ ಒಹಾಯೋ ಪ್ರಾಂತದ ಬಹುಭಾಗವು ಕೈಬಿಟ್ಟಿತು. ಭೂಮಿಯು ಎಲ್ಲ ಜನಾಂಗಗಳಿಗೂ ಸಾಧಾರಣವಾದದ್ದು, ಯಾವನೋ ಒಬ್ಬ ನಾಯಕನು ರುಜುಹಾಕಿ ಮಾರಲು ಬಾರದು ಎಂದು ಷಾನಿ ವೀರನಾದ ಟೆಕಮ್ಸೆ ವಾದಿಸಿದನು. ಅವನು 1813ರಲ್ಲಿ ರಣರಂಗದಲ್ಲಿ ಮಡಿದನು.

ದಕ್ಷಿಣದ ಕಥೆ ಬೇರೆ. ಹತ್ತಿಯಿಂದ ಬೀಜವನ್ನು ಬಿಡಿಸುವ ಯಂತ್ರವನ್ನು ಏಲೀ ವಿಟ್ನಿಯು 1793ರಲ್ಲಿ ನಿರ್ಮಿಸಿದನು. ಇಂಗ್ಲೆಂಡಿನ ಗಿರಣಿಗಳು ಎಷ್ಟು ಹತ್ತಿ ಬಂದರೂ ನುಂಗುತ್ತಿದ್ದುವು. ಅಲಬಾಮ, ಮಿಸಿಸಿಪಿ ಪ್ರಾಂತಗಳ ಕಪ್ಪು ನೆಲಕ್ಕೆ ತೋಟದ ಯಜಮಾನರು ಮುಗಿಬಿದ್ದರು. ಆಫ್ರಿಕದಿಂದ ಗುಲಾಮರನ್ನು ತರುವುದು 1808ರಲ್ಲಿ ನಿಷಿದ್ಧವಾದದ್ದರಿಂದ, ವರ್ಜೀನಿಯ, ಮೇರಿಲೆಂಡ್ ಮುಂತಾದ ಹಳೆಯ ಸಂಸ್ಥಾನಗಳಲ್ಲಿದ್ದವರನ್ನೇ ಕೊಂಡು ಸಾಗಿಸಿದರು. 1860ರೊಳಗಾಗಿ ಹೀಗೆ ಸಾಗಿಸಲ್ಪಟ್ಟವರು ಸುಮಾರು ಹತ್ತು ಲಕ್ಷ. ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಕೂಸೊಂದು ಕಡೆ ಮಾರಾಟವಾದದ್ದುಂಟು. ಬಿಳಿಯ ಬೇಸಾಯಗಾರನಿಗೆ ಪಶ್ಚಿಮವೆಂಬುದು ಆಸೆಯ ಮಾತು. ಇವರಿಗೆ ಅದು ಎದೆಯೊಡೆಯುವ ಮಾತು. (ಈ ಹತ್ತಿಯ ನಂಟು ನಮ್ಮ ನಾಡಿಗೂ ತಗುಲಿದೆ: 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ತಂದು ಧಾರವಾಡದ ಸೀಮೆಯಲ್ಲಿ ಬಿತ್ತಿದರು.)

ಆ ಹತ್ತಿಯ ನೆಲದ ಅಂಚಿನಲ್ಲಿಯೇ ಚೆರೋಕಿ ಜನಾಂಗವಿತ್ತು. ನಾಗರಿಕರಾಗಿರಿ, ನಿಮಗೆ ಭಯವಿಲ್ಲ ಎಂದು ಸರ್ಕಾರವು ಅವರಿಗೆ ಹೇಳುತ್ತ ಬಂದಿತ್ತು. ಅವರು ಹಾಗೆಯೇ ನಡೆದರು. ಸಿಕೋಯನೆಂಬವನು 1821ರ ವೇಳೆಗೆ ತಮ್ಮ ನುಡಿಗೆ ಅಕ್ಷರಮಾಲೆಯನ್ನು ರಚಿಸಿದನು, 1827ರಲ್ಲಿ ರಾಜ್ಯಾಂಗವಾಯಿತು, 1828ರಲ್ಲಿ ವೃತ್ತಪತ್ರಿಕೆ ಹೊರಟಿತು. ಅಷ್ಟರಲ್ಲಿ ಜಾರ್ಜಿಯ ಸಂಸ್ಥಾನದೊಳಗಿನ ಅವರ ನೆಲದಲ್ಲಿ ಬಂಗಾರ ಸಿಕ್ಕಿತು. ಮೂಲನಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಸಾಗಿಸುವ ಶಾಸನವು 1830ರಲ್ಲಿ ಅಂಗೀಕೃತವಾಯಿತು. ಚೆರೋಕಿಯರ ನಾಡಿನಲ್ಲಿ ಜಾರ್ಜಿಯದ ಕಾನೂನು ನಡೆಯದೆಂದು 1832ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪುಕೊಟ್ಟಿತು. ಆದರೆ ಅಧ್ಯಕ್ಷ ಜ್ಯಾಕ್ಸನ್ನನ ಸರ್ಕಾರವು ಜಾರ್ಜಿಯವನ್ನು ತಡೆಯಲಿಲ್ಲ. ಅದೇ ವರ್ಷ ಜಾರ್ಜಿಯವು ಚೆರೋಕಿಯರ ಹೊಲಮನೆಗಳನ್ನು ಅವರು ಅಲ್ಲಿ ವಾಸವಾಗಿದ್ದಂತೆಯೇ ಅಳೆದು, 160 ಎಕರೆ ಮತ್ತು 40 ಎಕರೆಗಳ ತುಂಡುಗಳಾಗಿ ಮಾಡಿ, ಬಿಳಿಯ ಪ್ರಜೆಗಳಿಗೆ ಲಾಟರಿಯ ಮೂಲಕ ಹಂಚಿತು. ಚೀಟಿಯೆತ್ತಿ ನೆಲ ಹಂಚುವ ಈ ಪದ್ಧತಿ ಜಾರ್ಜಿಯಕ್ಕೆ ಹೊಸದೇನೂ ಅಲ್ಲ.

ಮುಖ್ಯನಾಯಕ ಜಾನ್ ರಾಸನ ಒಪ್ಪಿಗೆಯಿಲ್ಲದೆ ಒಂದು ಸಣ್ಣ ಗುಂಪು 1835ರಲ್ಲಿ ಕೌಲಿಗೆ ರುಜುಹಾಕಿತು. ಅಮೆರಿಕದ ಸೆನೆಟ್ ಸಭೆಯಲ್ಲಿ ಒಂದೇ ಮತದ ಹೆಚ್ಚಳದಿಂದ ಅದು ಸ್ಥಿರವಾಯಿತು. 1838ರಲ್ಲಿ ಸೈನಿಕರು ಬಂದು ಮನೆಮನೆಯಿಂದ ಜನರನ್ನು ಎಬ್ಬಿಸಿದರು. ಹೊರಟ ಸುಮಾರು 16,000 ಮಂದಿಯಲ್ಲಿ ಶಿಬಿರಗಳಲ್ಲಿಯೂ ಹಾದಿಯಲ್ಲಿಯೂ ತೀರಿಕೊಂಡವರು ಸುಮಾರು 4,000 ಎಂದು ಅಂದಾಜು. ನಾಗರಿಕತೆಯ ಪಾಠವನ್ನು ಕಲಿತಿದ್ದ ಅನುಕೂಲಸ್ಥ ಚೆರೋಕಿಯರು ನೆರೆಯ ಬಿಳಿಯರಂತೆ ತಾವೂ ಗುಲಾಮರನ್ನಿಟ್ಟುಕೊಂಡಿದ್ದರು. 1835ರ ಗಣತಿಯಲ್ಲಿ ಅಂಥವರ ಸಂಖ್ಯೆ ಸುಮಾರು 1,600. ಯಜಮಾನರ ಹಿಂದೆ ಆ ಕಪ್ಪು ಜನರೂ ಚಳಿಯಲ್ಲಿ ಅದೇ ಹಾದಿಯನ್ನು ನಡೆದರು. ಪಡುವಣದ ಹೊಸ ನಾಡನ್ನು ಸೇರಿದ ಮೇಲೆಯೂ ಅವರು ಗುಲಾಮರಾಗಿಯೇ ಉಳಿದರು.