ಆಫ್ ಮಾಡಿದರೂ ಮಿಣುಕುವ ಬಲ್ಬ್

ಬಾಡಿಗೆ ರೂಮಿನ ಹುಡುಗರಿಗೆ ಎಲೆಕ್ಟ್ರಿಷಿಯನ್ ಕರೆಸುವುದೆಂದರೆ ದುಬಾರಿ ಬಾಬತ್ತು. ಯೂಟ್ಯೂಬ್ ನೋಡಿ ಸ್ವಿಚ್ ಬೋರ್ಡ್ ತಾವೇ ಬದಲಿಸಿಬಿಡುತ್ತಾರೆ. ಬಲ್ಬ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ. ಆದರೆ ರಾತ್ರಿ ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಮಂದವಾಗಿ ಮಿಣುಕುತ್ತಿದ್ದರೆ?

ಬಲ್ಬ್ ಕೆಟ್ಟಿದೆ ಎಂದುಕೊಳ್ಳಬೇಡಿ. ಇಂಡಿಕೇಟರ್ ಇರುವ ಸ್ವಿಚ್‌ನಿಂದಲೂ ಹೀಗಾಗಬಹುದು. ಅದಿಲ್ಲದಿದ್ದರೆ ಫೇಸ್, ನ್ಯೂಟ್ರಲ್ ಅದಲುಬದಲಾಗಿರಬಹುದು. ಆಗ ಸ್ವಿಚ್ ಆಫ್ ಮಾಡಿದರೆ ಕಡಿಯುವುದು ನ್ಯೂಟ್ರಲ್ ಮಾತ್ರ; ಹೋಲ್ಡರ್‌ನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಆಫ್ ಆಗಿದೆಯೆಂದು ನಂಬಿ ಬಲ್ಬ್ ಬಿಚ್ಚುವಾಗ ಬೆರಳು ಒಳಗೆ ತಗುಲಿದರೆ ಪ್ರಾಣಕ್ಕೇ ಕುತ್ತು.

ಪತ್ತೆ ಮಾಡುವುದು ಸುಲಭ. ಅದೇ ಬೋರ್ಡ್‌ನ ಮೂರು ಪಿನ್ ಸಾಕೆಟ್ ಆನ್ ಮಾಡಿ ಟೆಸ್ಟರ್ ಇಡಿ. ದೊಡ್ಡ ತೂತು ಮೇಲಿದ್ದಾಗ ಬಲಗಡೆಯ ತೂತಿನಲ್ಲಿ ಟೆಸ್ಟರ್ ಉರಿಯಬೇಕು. ಎಡಗಡೆ ಉರಿದರೆ, ಬೋರ್ಡ್‌ಗೆ ಬಂದ ತಂತಿಗಳೇ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು.

ಬೋರ್ಡ್ ಬಿಚ್ಚುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ, ಮತ್ತೆ ಟೆಸ್ಟರ್ ಹಿಡಿದು ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹಳೇ ಮನೆಗಳಲ್ಲಿ ಬಣ್ಣವನ್ನೇ ನೆಚ್ಚಿಕೊಳ್ಳುವಂತಿಲ್ಲ. ಅನುಮಾನ ಉಳಿದರೆ ರೂಮ್‌ಮೇಟ್‌ಗಳೆಲ್ಲ ದುಡ್ಡು ಹಾಕಿ ಎಲೆಕ್ಟ್ರಿಷಿಯನ್‌ರನ್ನೇ ಕರೆಸಿ. ಅಲ್ಲಿಯವರೆಗೆ ಆ ಬಲ್ಬ್ ಮುಟ್ಟಬೇಡಿ.